ಗಾಡಿಗಿಂತ ಮೊದಲು ಪ್ಲಗ್ಗು: ಉತ್ತರ ಕನ್ನಡದ ಸ್ಥಳೀಯ ಸಂಸ್ಥೆಗಳು ಎಲೆಕ್ಟ್ರಿಕ್ ವಾಹನ ಸೇರಿಸಿಕೊಳ್ಳುವ ಕ್ರಮ

ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ಈ ತಿದ್ದುಪಡಿ ನಗರಸಭೆ, ಪುರಸಭೆ, ಪಂಚಾಯಿತಿಗಳ ವಾಹನಗಳಿಗೂ ಅನ್ವಯಿಸುತ್ತದೆ. ಹಾಗಾಗಿ ಕಾರವಾರದಿಂದ ಭಟ್ಕಳದವರೆಗೆ, ಶಿರಸಿಯಿಂದ ಮುಂಡಗೋಡದವರೆಗೆ ಯಾವ ಸ್ಥಳೀಯ ಸಂಸ್ಥೆಯೇ ಆಗಲಿ, ಇಂದಲ್ಲ ನಾಳೆ ಹಳೆಯ ಗಾಡಿಯನ್ನು ಗುಜರಿಗೆ ಕಳಿಸಿ ಹೊಸದನ್ನು ತರಲೇಬೇಕಾಗುತ್ತದೆ. ಆಗ ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯರಾದರೂ ಎದ್ದು ನಿಂತು, ಈ ಸಲ ಎಲೆಕ್ಟ್ರಿಕ್ ಗಾಡಿಯನ್ನೇ ಏಕೆ ಕೊಳ್ಳಬಾರದು ಎಂದು ಕೇಳುತ್ತಾರೆ.

ಪ್ರಶ್ನೆ ಸರಿಯಾದದ್ದೇ. ಆದರೆ ಬಯಲುಸೀಮೆಯ ಯಾವುದೋ ಊರಿನ ಟೆಂಡರ್ ಪ್ರತಿಯನ್ನು ತರಿಸಿ, ಹೆಸರಷ್ಟನ್ನೇ ಬದಲಿಸಿ ಇಲ್ಲಿ ಬಳಸಿದರೆ ಆ ಗಾಡಿ ಮೊದಲ ಮಳೆಗಾಲವನ್ನೇ ದಾಟಲಾರದು. ಈ ಜಿಲ್ಲೆಯ ಸ್ಥಳೀಯ ಸಂಸ್ಥೆಗಳ ತಾಂತ್ರಿಕ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ ನನಗೆ ಖಚಿತವಾಗಿರುವ ಮಾತು ಇಷ್ಟು: ಗಾಡಿಯನ್ನು ಆರಿಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಅದು ಓಡುವ ದಾರಿ, ನಿಲ್ಲುವ ಶೆಡ್ಡು ಮತ್ತು ಚಾರ್ಜ್ ಆಗುವ ಪ್ಲಗ್ಗು ತೀರ್ಮಾನವಾಗಿರಬೇಕು. ಪೌರಾಯುಕ್ತರು, ಮುಖ್ಯಾಧಿಕಾರಿಗಳು, ಪರಿಸರ ಅಭಿಯಂತರರು, ಪಿಡಿಒಗಳು ಮತ್ತು ಚುನಾಯಿತ ಸದಸ್ಯರು ಆ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲನೆಯದು: ಲಾಗ್‌ಬುಕ್ ತೆರೆಯುವುದು

ಸಂಸ್ಥೆಯಲ್ಲಿರುವ ಪ್ರತಿ ವಾಹನದ ನೋಂದಣಿ ದಿನಾಂಕ, ದಿನಕ್ಕೆ ಓಡುವ ಕಿಲೋಮೀಟರ್, ತುಂಬಿಸುವ ಡೀಸೆಲ್, ಬೆಳಿಗ್ಗೆ ಹೊರಡುವ ಮತ್ತು ಮರಳುವ ಸಮಯ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ತಿಂಗಳ ಲೆಕ್ಕ ಸಾಲದು. ಜುಲೈ ತಿಂಗಳ ಒಂದು ವಾರ ಮತ್ತು ಊರಿನಲ್ಲಿ ಅತಿ ಹೆಚ್ಚು ಕಸ ಬೀಳುವ ಒಂದು ವಾರ ಈ ಲೆಕ್ಕದಲ್ಲಿ ಇರಲೇಬೇಕು. ಶಿರಸಿಯವರಿಗೆ ಅದು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ; ಗೋಕರ್ಣದವರಿಗೆ ಶಿವರಾತ್ರಿ; ಕಾರವಾರದವರಿಗೆ ವರ್ಷಾಂತ್ಯದ ಪ್ರವಾಸಿಗರ ದಿನಗಳು. ಸಾಮಾನ್ಯ ದಿನ ಎರಡು ಸುತ್ತು ಹೊಡೆಯುವ ಗಾಡಿ ಜಾತ್ರೆಯಲ್ಲಿ ಐದು ಸುತ್ತು ಹೊಡೆಯಬೇಕಾಗಿ ಬಂದರೆ ಬ್ಯಾಟರಿಯ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ.

ಮೀಟರ್ ಕೆಟ್ಟ ಗಾಡಿಗಳ ಲಾಗ್‌ಬುಕ್ಕಿನಲ್ಲಿ ಪ್ರತಿದಿನ ಒಂದೇ ಅಂಕಿ ಬರೆದಿರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಅದನ್ನು ನಂಬದೆ, ಚಾಲಕರ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಒಂದು ದಿನದ ದಾರಿಯನ್ನು ದಾಖಲಿಸಿಕೊಂಡರೆ ನಿಜ ಅಂತರ ತಿಳಿಯುತ್ತದೆ.

ಈ ಪಟ್ಟಿ ಸಿದ್ಧವಾದಾಗ ಯಾವ ಗಾಡಿಯನ್ನು ಮೊದಲು ಬದಲಿಸಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ಗೋಚರಿಸುತ್ತದೆ. ಮನೆಮನೆಯಿಂದ ಕಸ ಸಂಗ್ರಹಿಸುವ ಆಟೋ ಟಿಪ್ಪರ್‌ಗಳು ಎಲ್ಲಕ್ಕಿಂತ ಹೆಚ್ಚು ಸೂಕ್ತ. ಅವುಗಳ ದಾರಿ ನಿಶ್ಚಿತ, ವೇಗ ಕಡಿಮೆ, ಇಪ್ಪತ್ತು ಹೆಜ್ಜೆಗೊಮ್ಮೆ ನಿಲುಗಡೆ. ನಿಂತು ನಿಂತು ಹೊರಡುವ ಕೆಲಸದಲ್ಲಿ ಡೀಸೆಲ್ ಎಂಜಿನ್ ಸುಮ್ಮನೆ ಎಣ್ಣೆ ಕುಡಿಯುತ್ತದೆ, ಎಲೆಕ್ಟ್ರಿಕ್ ಮೋಟಾರು ನಿಂತಾಗ ಏನನ್ನೂ ಬಳಸುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟ ಗಾಡಿ ಹನ್ನೊಂದು ಹನ್ನೆರಡರ ಹೊತ್ತಿಗೆ ಮರಳುವುದರಿಂದ ಚಾರ್ಜಿಗೆ ಅರ್ಧ ದಿನ ಮತ್ತು ಇಡೀ ರಾತ್ರಿ ಸಿಗುತ್ತದೆ. ಸಕ್ಕಿಂಗ್ ಯಂತ್ರ, ಜೆಸಿಬಿ, ಕಂಪ್ಯಾಕ್ಟರ್, ಟ್ರ್ಯಾಕ್ಟರ್ ಇವನ್ನು ಸದ್ಯಕ್ಕೆ ಮುಟ್ಟದಿರುವುದು ಒಳ್ಳೆಯದು. ಅಧಿಕಾರಿಗಳ ಕಾರನ್ನೇ ಮೊದಲು ಎಲೆಕ್ಟ್ರಿಕ್ ಮಾಡುವ ಉತ್ಸಾಹ ಕೆಲವೆಡೆ ಕಾಣುತ್ತದೆ. ಫೋಟೊಕ್ಕೆ ಅದು ಚೆನ್ನ, ಉಳಿತಾಯಕ್ಕೆ ಅಲ್ಲ.

ಎರಡನೆಯದು: ಏರನ್ನು ಅಳೆಯುವುದು

ನಮ್ಮ ಜಿಲ್ಲೆಯಲ್ಲಿ ಏರು ಎಂದರೆ ಎರಡು ಬಗೆ. ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ತಪ್ಪು ಗಾಡಿ ಬರುತ್ತದೆ.

ಒಂದು, ಊರೊಳಗಿನ ಚಿಕ್ಕ ಏರು. ಗುಡ್ಡದ ಅಂಚಿನ ಕೇರಿಗಳಲ್ಲಿ ಕಾಂಕ್ರೀಟ್ ರಸ್ತೆ ನೆಟ್ಟಗೆ ಮೇಲೇರುತ್ತದೆ, ಮೇಲೆ ಹಾವಸೆ ಕಟ್ಟಿರುತ್ತದೆ, ಅರ್ಧ ಏರಿನಲ್ಲಿ ನಿಂತು ಕಸ ತುಂಬಿಕೊಂಡು ಮತ್ತೆ ಹೊರಡಬೇಕಾಗುತ್ತದೆ. ಒಂದೂವರೆ ಟನ್ ತೂಕದ ಗಾಡಿ 30 ಮೀಟರ್ ಎತ್ತರ ಏರಲು ಬೇಕಾಗುವ ವಿದ್ಯುತ್ತು ಒಂದು ಯುನಿಟ್ಟಿನ ಎಂಟನೆಯ ಒಂದು ಭಾಗದಷ್ಟು ಮಾತ್ರ, ಅಂದರೆ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಇಲ್ಲಿ ಪರೀಕ್ಷೆಯಾಗುವುದು ಮೋಟಾರಿನ ಎಳೆತ. ಪೂರ್ತಿ ಭಾರ ಹೊತ್ತು, ನಿಂತ ಸ್ಥಿತಿಯಿಂದ ಹೊರಡಲು ಆಗುತ್ತದೆಯೇ, ಹೊರಡುವಾಗ ಹಿಂದಕ್ಕೆ ಜಾರುತ್ತದೆಯೇ, ಸತತ ಏರಿನಲ್ಲಿ ಮೋಟಾರು ಕಾದು ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆಯೇ ಎಂಬುದನ್ನು ನೋಡಬೇಕು.

ಏರನ್ನು ಅಳೆಯಲು ದುಬಾರಿ ಉಪಕರಣ ಬೇಡ. ಹತ್ತು ಅಡಿ ಉದ್ದದ ನೆಟ್ಟನೆಯ ರೀಪನ್ನು ರಸ್ತೆಯ ಮೇಲಿಟ್ಟು, ಇಳಿಜಾರಿನ ಕಡೆಯ ತುದಿಯನ್ನು ಎತ್ತಿ, ರೀಪಿನ ಮೇಲಿಟ್ಟ ಬಡಗಿಯ ರಸಮಟ್ಟದ ಗುಳ್ಳೆ ನಡುವಿಗೆ ಬಂದಾಗ ತುದಿ ನೆಲದಿಂದ ಎಷ್ಟು ಮೇಲಿದೆ ಎಂದು ಅಳೆಯಿರಿ. ಒಂದು ಅಡಿಯಾದರೆ ಏರು ಶೇಕಡಾ 10, ಎರಡು ಅಡಿಯಾದರೆ ಶೇಕಡಾ 20. ಊರಿನ ಅತಿ ಕಡಿದಾದ ಐದು ಜಾಗಗಳನ್ನು ಹೀಗೆ ಅಳೆದರೆ ಅರ್ಧ ದಿನದ ಕೆಲಸ. ಕಂಪನಿಗಳ ಕೈಪಿಡಿಯಲ್ಲಿ ಏರುವ ಸಾಮರ್ಥ್ಯವನ್ನು ಕೆಲವರು ಡಿಗ್ರಿಯಲ್ಲಿ, ಕೆಲವರು ಶೇಕಡಾದಲ್ಲಿ ಬರೆಯುತ್ತಾರೆ. 7 ಡಿಗ್ರಿ ಎಂದರೆ ಸುಮಾರು ಶೇಕಡಾ 12, 12 ಡಿಗ್ರಿ ಎಂದರೆ ಸುಮಾರು ಶೇಕಡಾ 21. ಎರಡು ಕಂಪನಿಗಳ ಅಂಕಿಗಳನ್ನು ಹೋಲಿಸುವ ಮೊದಲು ಅವು ಒಂದೇ ಅಳತೆಯಲ್ಲಿವೆಯೇ ಎಂದು ನೋಡಿಕೊಳ್ಳಿ.

ಎರಡನೆಯದು ಘಟ್ಟ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅದೇ ಒಂದೂವರೆ ಟನ್ನಿನ ಗಾಡಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ತಲುಪಬೇಕಾದರೆ ಬರಿ ಎತ್ತರಕ್ಕೆಂದೇ ಸುಮಾರು ಎರಡೂವರೆ ಯುನಿಟ್ ಬೇಕು. ಮೋಟಾರಿನ ನಷ್ಟ ಸೇರಿಸಿದರೆ ಮೂರು. ಮೂರು ಚಕ್ರದ ಸರಕು ಗಾಡಿಗಳಲ್ಲಿ ಏಳೆಂಟು ಯುನಿಟ್ಟಿನ ಬ್ಯಾಟರಿ ಸಾಮಾನ್ಯ. ಸುಮಾರು 60 ಕಿಲೋಮೀಟರ್ ದಾರಿಯ ಖರ್ಚನ್ನು ಇದಕ್ಕೆ ಕೂಡಿಸಿದರೆ ಅಂಥ ಗಾಡಿ ಘಟ್ಟದ ಮೇಲೆ ಬಂದು ತಲುಪುವುದೇ ಅನುಮಾನ. ಕಸದ ಗಾಡಿ ಘಟ್ಟ ಹತ್ತುವುದಿಲ್ಲ ಎಂದು ನೀವು ಹೇಳಬಹುದು, ನಿಜ. ಆದರೆ ರಿಪೇರಿಗೆ ಒಯ್ಯುವಾಗ, ಜಾತ್ರೆಗೆ ಎರವಲು ಕಳಿಸುವಾಗ ಹತ್ತಬೇಕಾಗುತ್ತದೆ. ಶಿರಸಿಯಿಂದ ಜಿಲ್ಲಾಧಿಕಾರಿ ಕಚೇರಿಯ ಸಭೆಗೆ ಕಾರವಾರಕ್ಕೆ ಹೋಗಿ ಬರುವ ಕಾರಿಗಂತೂ ಇದು ನಿತ್ಯದ ಪ್ರಶ್ನೆ. ಹಾಗೆ ಹೊರಡುವವರು ಶಿರಸಿಯಲ್ಲಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಬಾರದು. ಇಳಿಜಾರಿನಲ್ಲಿ ಮೋಟಾರು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ ಮತ್ತು ಅದೇ ಬ್ರೇಕಿನ ಕೆಲಸವನ್ನೂ ಮಾಡುತ್ತದೆ; ತುಂಬಿದ ಬ್ಯಾಟರಿಗೆ ಅದನ್ನು ಹಾಕಿಕೊಳ್ಳಲು ಜಾಗವಿರುವುದಿಲ್ಲವಾದ್ದರಿಂದ ಘಟ್ಟದುದ್ದಕ್ಕೂ ಸಾಮಾನ್ಯ ಬ್ರೇಕಿನ ಮೇಲೆಯೇ ಭಾರ ಬೀಳುತ್ತದೆ.

ಮೂರನೆಯದು: ಪ್ಲಗ್ಗು, ಶೆಡ್ಡು ಮತ್ತು ಹೆಸ್ಕಾಂ

ಈ ಭಾಗ ಉದ್ದವಾಗಿದೆ, ಏಕೆಂದರೆ ಎಡವುವುದು ಇಲ್ಲೇ.

ಕೈಗಾದ ನಾಲ್ಕು ಘಟಕಗಳ, ಕಾಳಿ ಕಣಿವೆಯ ಜಲಾಶಯಗಳ ವಿದ್ಯುತ್ತು ನಮ್ಮ ತಲೆಯ ಮೇಲಿನ ತಂತಿಯಲ್ಲೇ ಹಾದುಹೋಗುತ್ತದೆ. ನಮ್ಮ ಫೀಡರಿನ ಕೊನೆಯ ಕಂಬದ ವೋಲ್ಟೇಜು ಮಾತ್ರ ಬೇರೆಯೇ ಕಥೆ. ಆದ್ದರಿಂದ ಚಾರ್ಜಿಂಗ್ ಜಾಗವೆಂದು ಗೊತ್ತುಮಾಡಿದ ಕಡೆ ಒಂದು ವಾರ, ಮಧ್ಯಾಹ್ನ, ಸಂಜೆ ಏಳು ಮತ್ತು ರಾತ್ರಿ ಹನ್ನೊಂದಕ್ಕೆ ವೋಲ್ಟೇಜ್ ಅಳೆದು ಬರೆದಿಡಿ. ವೋಲ್ಟೇಜು ತೀರ ಇಳಿದಾಗ ಚಾರ್ಜರ್ ತನ್ನಷ್ಟಕ್ಕೆ ನಿಂತುಬಿಡಬಹುದು; ಬೆಳಿಗ್ಗೆ ಚಾಲಕರು ಬಂದು ನೋಡುವಾಗ ಬ್ಯಾಟರಿ ಅರ್ಧಕ್ಕೇ ನಿಂತಿರುತ್ತದೆ.

ನಂತರ ಒಟ್ಟು ಹೊರೆಯನ್ನು ಲೆಕ್ಕ ಹಾಕಿ. 16 ಆಂಪಿಯರ್ ಸಾಕೆಟ್ಟಿನಲ್ಲಿ ಚಾರ್ಜ್ ಆಗುವ ಗಾಡಿಗೆ ಸುಮಾರು 3.3 ಕಿಲೋವ್ಯಾಟ್ ಬೇಕು. ಆರು ಗಾಡಿಗಳನ್ನು ಒಟ್ಟಿಗೆ ಹಚ್ಚಿದರೆ 20 ಕಿಲೋವ್ಯಾಟ್. ಹತ್ತಿರದ ಟ್ರಾನ್ಸ್‌ಫಾರ್ಮರ್ 25 ಕೆವಿಎಯದ್ದಾಗಿದ್ದರೆ ಸುತ್ತಲಿನ ಮನೆಗಳ ದೀಪ ಮಂಕಾಗಿ ಮರುದಿನವೇ ದೂರು ಬರುತ್ತದೆ. ಮೂರು ಗಾಡಿಗಳನ್ನು ಮಧ್ಯಾಹ್ನ, ಉಳಿದ ಮೂರನ್ನು ರಾತ್ರಿ ಹನ್ನೊಂದರ ನಂತರ ಹಚ್ಚುವಂತೆ ಟೈಮರ್ ಅಳವಡಿಸಿದರೆ ಮಂಜೂರಾತಿ ಪಡೆಯಬೇಕಾದ ಹೊರೆ ಅರ್ಧಕ್ಕೆ ಇಳಿಯುತ್ತದೆ, ತಿಂಗಳ ನಿಗದಿತ ಶುಲ್ಕವೂ ಕಡಿಮೆಯಾಗುತ್ತದೆ. ಎಂಟು ಯುನಿಟ್ಟಿನ ಬ್ಯಾಟರಿ ಮೂರ್ನಾಲ್ಕು ತಾಸಿನಲ್ಲಿ ತುಂಬುವುದರಿಂದ ಸಮಯದ ಅಭಾವವಿಲ್ಲ. ಇಪ್ಪತ್ತು ಯುನಿಟ್ಟಿಗಿಂತ ದೊಡ್ಡ ಬ್ಯಾಟರಿಯ ನಾಲ್ಕು ಚಕ್ರದ ಗಾಡಿಗೆ ಇದೇ ಸಾಕೆಟ್ಟಿನಲ್ಲಿ ಏಳು ತಾಸು ಬೇಕಾದೀತು. ಕಸದ ಗಾಡಿಗಳಿಗೆ ಫಾಸ್ಟ್ ಚಾರ್ಜರ್ ಬೇಕೆಂದು ಯಾರಾದರೂ ಒತ್ತಾಯಿಸಿದರೆ ಏಕೆಂದು ಕೇಳಿ. ಲಕ್ಷಗಟ್ಟಲೆ ಬೆಲೆಯ ಯಂತ್ರ ರಾತ್ರಿಯಿಡೀ ನಿಂತೇ ಇರುವ ಗಾಡಿಗೆ ಅನವಶ್ಯಕ.

ನಮಗೆ ವಿದ್ಯುತ್ ಪೂರೈಸುವ ಹೆಸ್ಕಾಂ ಕಂಪನಿಗೆ ಅರ್ಜಿ ಕೊಡುವಾಗ ಚಾರ್ಜಿಂಗಿಗೆ ಪ್ರತ್ಯೇಕ ಆರ್‌ಆರ್ ನಂಬರ್, ಅಂದರೆ ಬೇರೆಯೇ ಸಂಪರ್ಕ ಸಂಖ್ಯೆ ಕೇಳಿ. ಎಲೆಕ್ಟ್ರಿಕ್ ವಾಹನಗಳ ಚಾರ್ಜಿಂಗಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬೇರೆಯೇ ದರ ವರ್ಗ ಇಟ್ಟಿದೆ. ದರಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ಚಾರ್ಜಿಂಗ್ ತಂತಿಯನ್ನು ಕಚೇರಿಯ ಮೀಟರಿಗೋ ನೀರು ಸರಬರಾಜಿನ ಪಂಪ್‌ಹೌಸಿನ ಮೀಟರಿಗೋ ಜೋಡಿಸಿದರೆ ಬಿಲ್ಲು ಆ ದೊಡ್ಡ ಮೊತ್ತದಲ್ಲಿ ಕರಗಿಹೋಗುತ್ತದೆ, ಗಾಡಿಯ ಖರ್ಚೆಷ್ಟು ಎಂಬುದು ಮುಂದೆ ಯಾವ ಲೆಕ್ಕಪರಿಶೋಧಕರಿಗೂ ಸಿಗುವುದಿಲ್ಲ.

ಅರ್ಥಿಂಗ್ ವಿಷಯದಲ್ಲಿ ರಾಜಿ ಬೇಡ. ನಮ್ಮ ಚಿರೇಕಲ್ಲಿನ ನೆಲ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಗಡುಸಾದಾಗ ಭೂಮಿಗೆ ವಿದ್ಯುತ್ತು ಹರಿಯುವುದೇ ಕಷ್ಟ. ಮಳೆಗಾಲದಲ್ಲಿ ತೆಗೆದ ಅರ್ಥಿಂಗ್ ಅಳತೆಯನ್ನು ನಂಬಿದರೆ ಬೇಸಿಗೆಯಲ್ಲಿ ಮೋಸಹೋಗುತ್ತೀರಿ. ಅಳತೆ ಮೇ ತಿಂಗಳಲ್ಲೇ ಆಗಲಿ. ಪ್ರತಿ ಸಾಕೆಟ್ಟಿಗೂ ಪ್ರತ್ಯೇಕ ಎಂಸಿಬಿ ಮತ್ತು ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತು ಪ್ಲಗ್ ಹಚ್ಚುವವರ ಜೀವ ಉಳಿಸುವ ಸಾಧನ ಅದು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗೆ ಚಾರ್ಜರ್‌ಗಳು ಬಲಿಯಾಗದಂತೆ ಸರ್ಜ್ ತಡೆಯುವ ಸಾಧನವನ್ನೂ ಅಂದಾಜು ಪಟ್ಟಿಯಲ್ಲೇ ಸೇರಿಸಿ.

ಉಪ್ಪುಗಾಳಿಯ ಬಗ್ಗೆ ಒಂದು ಅನುಭವ ಹೇಳಬೇಕು. ಕರಾವಳಿಯ ಒಂದು ಸಂಸ್ಥೆಯಲ್ಲಿ, ಬಂದು ವರ್ಷವೂ ಆಗದ ಗಾಡಿ ಚಾರ್ಜ್ ಆಗುತ್ತಿಲ್ಲವೆಂದು ಕರೆ ಬಂತು. ಹೋಗಿ ಪ್ಲಗ್ಗಿನ ಮುಚ್ಚಳ ತೆಗೆದರೆ ಹಿತ್ತಾಳೆಯ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿ, ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಕಂದಾಗಿ ಕರಗಿತ್ತು. ಕಾರಣ ಉಪ್ಪುಗಾಳಿಯೊಂದೇ ಅಲ್ಲ. ಮೀನುಪೇಟೆಯ ಸುತ್ತು ಮುಗಿಸಿ ಬಂದ ಗಾಡಿಯನ್ನು ಪ್ರತಿದಿನ ಜೋರು ಪಿಚಕಾರಿಯ ನೀರಿನಿಂದ ತೊಳೆಯುತ್ತಿದ್ದರು, ಆ ನೀರು ನೇರವಾಗಿ ಚಾರ್ಜಿಂಗ್ ಬಾಯಿಗೆ ನುಗ್ಗುತ್ತಿತ್ತು. ಗಾಡಿಗೆ ಐಪಿ67 ಪ್ರಮಾಣವಿದೆಯಲ್ಲ ಎಂದು ಅವರು ವಾದಿಸಿದರು. ಆ ಪ್ರಮಾಣವಿದ್ದದ್ದು ಬ್ಯಾಟರಿಗೆ, ಪ್ಲಗ್ಗಿಗಲ್ಲ. ಅಲ್ಲದೆ ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ಒಳಗೆ ನೀರು ಹೋಗದು ಎಂದಷ್ಟೇ. ಒತ್ತಡದ ಪಿಚಕಾರಿಯನ್ನು ತಡೆಯುತ್ತದೆ ಎಂದಲ್ಲ, ಅದಕ್ಕೆ ಬೇರೆ ಪರೀಕ್ಷೆಯಿದೆ. ಮರುದಿನದಿಂದ ತೊಳೆಯುವ ಜಾಗವನ್ನೂ ಚಾರ್ಜಿಂಗ್ ಜಾಗವನ್ನೂ ಬೇರೆ ಮಾಡಿಸಿದೆವು, ಚಾರ್ಜಿಂಗ್ ಬಾಯಿಗೆ ಹಳೆಯ ಟ್ಯೂಬಿನ ರಬ್ಬರ್ ಕತ್ತರಿಸಿ ಜೋತುಮುಚ್ಚಳ ಕಟ್ಟಿದೆವು. ಎರಡನೆಯದಕ್ಕೆ ಖರ್ಚೇನೂ ಆಗಲಿಲ್ಲ.

ಶೆಡ್ಡಿನ ಬಗ್ಗೆ ಇನ್ನೆರಡು ಮಾತು. ಮಳೆ ಇಲ್ಲಿ ಮೇಲಿನಿಂದಷ್ಟೇ ಬೀಳುವುದಿಲ್ಲ, ಪಶ್ಚಿಮದಿಂದ ಅಡ್ಡಲಾಗಿ ಹೊಡೆಯುತ್ತದೆ. ಆದ್ದರಿಂದ ಸಮುದ್ರದ ಕಡೆಯ ಗೋಡೆ ಪೂರ್ತಿ ಮುಚ್ಚಿರಬೇಕು. ಸಾಕೆಟ್ಟುಗಳು ಆ ಜಾಗದಲ್ಲಿ ಈವರೆಗೆ ನಿಂತ ಅತಿ ಹೆಚ್ಚಿನ ನೆರೆಯ ಗುರುತಿಗಿಂತ ಮೇಲಿರಬೇಕು. 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದ ಮನೆಯವರನ್ನು ಕೇಳಿದರೆ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಇನ್ನು, ಒಣ ಕಸ ವಿಂಗಡಿಸುವ ಗೋದಾಮಿನೊಳಗೆ ಅಥವಾ ಅದರ ಗೋಡೆಗೆ ತಾಗಿ ಎಂದೂ ಚಾರ್ಜಿಂಗ್ ಜಾಗ ಮಾಡಬೇಡಿ. ಜಾಗ ಖಾಲಿಯಿದೆ ಎಂಬ ಒಂದೇ ಕಾರಣಕ್ಕೆ ಹಲವರಿಗೆ ಅದೇ ಮೊದಲು ನೆನಪಾಗುತ್ತದೆ. ಲಿಥಿಯಂ ಬ್ಯಾಟರಿಗೆ ಬೆಂಕಿ ಬೀಳುವುದು ಅಪರೂಪ, ಆದರೆ ಬಿದ್ದರೆ ಆರಿಸಲು ತಾಸುಗಟ್ಟಲೆ ನೀರು ಹಾಯಿಸಬೇಕು. ಪಕ್ಕದಲ್ಲಿ ಪ್ಲಾಸ್ಟಿಕ್ ಮತ್ತು ರಟ್ಟಿನ ರಾಶಿಯಿದ್ದರೆ ಆರಿಸುವ ಮಾತೇ ಇಲ್ಲ.

ನಾಲ್ಕನೆಯದು: ಲೆಕ್ಕ ಹೊಂದುತ್ತದೆಯೇ ಎಂದು ನೋಡುವುದು

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಾಲ್ಕು ಚಕ್ರದ ಚಿಕ್ಕ ಟಿಪ್ಪರ್ ದಿನಕ್ಕೆ 40 ಕಿಲೋಮೀಟರ್ ಓಡುತ್ತದೆ, ನಿಂತು ಹೊರಡುವ ಕೆಲಸದಲ್ಲಿ ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆ, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದುಕೊಂಡರೆ ದಿನಕ್ಕೆ 360 ರೂಪಾಯಿ, ವರ್ಷಕ್ಕೆ ಸುಮಾರು 1.3 ಲಕ್ಷ. ಅದೇ ಕೆಲಸಕ್ಕೆ ಎಲೆಕ್ಟ್ರಿಕ್ ಗಾಡಿ ಕಿಲೋಮೀಟರಿಗೆ 0.2 ಯುನಿಟ್ ಬಳಸಿದರೆ, ಚಾರ್ಜಿಂಗಿನ ನಷ್ಟವೂ ಸೇರಿ ದಿನಕ್ಕೆ ಒಂಬತ್ತು ಯುನಿಟ್ಟಿನ ಆಸುಪಾಸು. ಯುನಿಟ್ಟಿಗೆ 7 ರೂಪಾಯಿಯಂತೆ 65 ರೂಪಾಯಿ, ವರ್ಷಕ್ಕೆ 24 ಸಾವಿರದೊಳಗೆ. ಉಳಿತಾಯ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಎಲೆಕ್ಟ್ರಿಕ್ ಗಾಡಿಯ ಬೆಲೆ ನಾಲ್ಕು ಲಕ್ಷ ಹೆಚ್ಚಿದ್ದರೆ ನಾಲ್ಕು ವರ್ಷದೊಳಗೆ ಅದು ಮರಳುತ್ತದೆ.

ಆದರೆ ದಿನಕ್ಕೆ 15 ಕಿಲೋಮೀಟರ್ ಮಾತ್ರ ಓಡುವ ಚಿಕ್ಕ ಪಂಚಾಯಿತಿಯ ಗಾಡಿಗೆ ಇದೇ ಲೆಕ್ಕ ಹಾಕಿದರೆ ಹತ್ತು ವರ್ಷ ಬೇಕು, ಅಷ್ಟರಲ್ಲಿ ಬ್ಯಾಟರಿ ಬದಲಿಸುವ ಕಾಲ ಬಂದಿರುತ್ತದೆ. ಕಡಿಮೆ ಓಡುವ ಗಾಡಿಗೆ ಎಲೆಕ್ಟ್ರಿಕ್ ಲಾಭವಲ್ಲ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂಥ ಪಂಚಾಯಿತಿಗಳು ಬೆಲೆಯ ವ್ಯತ್ಯಾಸ ಕಡಿಮೆಯಿರುವ ಮೂರು ಚಕ್ರದ ಗಾಡಿಯನ್ನು ನೋಡಬಹುದು, ಇಲ್ಲವೇ ಅಕ್ಕಪಕ್ಕದ ಎರಡು ಪಂಚಾಯಿತಿಗಳು ಕೂಡಿ ಒಂದು ಗಾಡಿಯನ್ನು ಹೆಚ್ಚು ಓಡಿಸಬಹುದು. ಗೋಕರ್ಣದ ರಥಬೀದಿಯಂಥ ಇಕ್ಕಟ್ಟಿನಲ್ಲಿ ಯಾತ್ರಿಕರ ನಡುವೆ ಹೊಗೆಯಿಲ್ಲದ ಚಿಕ್ಕ ಗಾಡಿ ಓಡುವುದಕ್ಕೆ ಬೇರೆಯೇ ಬೆಲೆಯಿದೆ. ಅದನ್ನು ಉಳಿತಾಯದ ಲೆಕ್ಕದಲ್ಲಿ ತುರುಕದೆ, ಆ ಕಾರಣವನ್ನೇ ಠರಾವಿನಲ್ಲಿ ನೇರವಾಗಿ ಬರೆಯುವುದು ಮೇಲು.

ಐದನೆಯದು: ಹಣ ಮತ್ತು ಠರಾವು

ಘನತ್ಯಾಜ್ಯ ವಾಹನಗಳಿಗೆ ಸ್ವಚ್ಛ ಭಾರತ ಮಿಷನ್, ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೆ ಮೀಸಲಾದ ಪಾಲು ಮತ್ತು ಸಂಸ್ಥೆಯ ಸ್ವಂತ ನಿಧಿ ಇವು ರೂಢಿಯ ಮೂಲಗಳು. ಕ್ರಿಯಾ ಯೋಜನೆಯಲ್ಲಿ ಗಾಡಿಯ ಜೊತೆಗೇ ಶೆಡ್ಡು, ವೈರಿಂಗ್, ಹೆಸ್ಕಾಂ ಠೇವಣಿ ಮತ್ತು ಚಾರ್ಜರ್‌ಗಳನ್ನು ಸೇರಿಸಿ ಒಂದೇ ಅನುಮೋದನೆ ಪಡೆಯಿರಿ. ಗಾಡಿಗೆ ಹಣ ಈ ವರ್ಷ, ಪ್ಲಗ್ಗಿಗೆ ಮುಂದಿನ ವರ್ಷ ಎಂದಾದರೆ ವಾರಂಟಿಯ ಮೊದಲ ವರ್ಷ ನಿಂತಲ್ಲೇ ಕಳೆಯುತ್ತದೆ. ಕೇಂದ್ರದ ಸಹಾಯಧನ ಯೋಜನೆಗಳು ಬದಲಾಗುತ್ತಲೇ ಇರುತ್ತವೆ: ಫೇಮ್ ಎರಡನೆಯ ಹಂತ 2024ರ ಮಾರ್ಚಿಗೆ ಮುಗಿಯಿತು, ಪಿಎಂ ಇ-ಡ್ರೈವ್ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಆದ್ದರಿಂದ ಅಂದಾಜು ಪಟ್ಟಿ ಸಹಾಯಧನವಿಲ್ಲದ ಪೂರ್ತಿ ಬೆಲೆಯಲ್ಲೇ ಇರಲಿ. ಎಲೆಕ್ಟ್ರಿಕ್ ವಾಹನಕ್ಕೆ ಜಿಎಸ್‌ಟಿ ಶೇಕಡಾ 5 ಮಾತ್ರ. ಡೀಸೆಲ್ ಗಾಡಿಯ ಹಳೆಯ ಅಂದಾಜನ್ನು ನಕಲು ಮಾಡುವಾಗ ಆ ಸಾಲನ್ನು ತಿದ್ದಲು ಮರೆಯಬೇಡಿ.

ಆರನೆಯದು: ಟೆಂಡರ್

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಕ್ರಮವೇ ಇಲ್ಲಿಯೂ ಅನ್ವಯ. ಅದರ ವಿಧಿವಿಧಾನ ಕಚೇರಿಗಳಿಗೆ ಹೊಸದಲ್ಲ. ಹೊಸದಾಗಿ ಯೋಚಿಸಬೇಕಾದದ್ದು ತಾಂತ್ರಿಕ ಷರತ್ತುಗಳನ್ನು.

ಬ್ಯಾಟರಿಗೆ ಸುರಕ್ಷತಾ ಪ್ರಮಾಣವಾಗಿ ಮೂರು ಚಕ್ರದ ಗಾಡಿಗಾದರೆ ಎಐಎಸ್ 156, ನಾಲ್ಕು ಚಕ್ರದ್ದಕ್ಕಾದರೆ ಎಐಎಸ್ 038ರ ಎರಡನೆಯ ಪರಿಷ್ಕರಣೆಯನ್ನು ಕಡ್ಡಾಯವಾಗಿ ಕೇಳಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿ ತುಸು ಭಾರವಾದರೂ ಬಿಸಿಗೆ ಹೆಚ್ಚು ತಾಳುತ್ತದೆ, ಹೆಚ್ಚು ಸಲ ಚಾರ್ಜ್ ಮಾಡಿಸಿಕೊಳ್ಳುತ್ತದೆ. ಕಸದ ಗಾಡಿಗೆ ಅದೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ವಾರಂಟಿಯನ್ನು ವರ್ಷದ ಲೆಕ್ಕದಲ್ಲಿ ಮಾತ್ರ ಬರೆದರೆ ಸಾಲದು, ವಾರಂಟಿಯ ಕೊನೆಯಲ್ಲಿ ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ ಇಷ್ಟು ಶೇಕಡಾ ಉಳಿದಿರಬೇಕು, ಇಲ್ಲದಿದ್ದರೆ ಬದಲಿಸಿಕೊಡಬೇಕು ಎಂದು ಬರೆಯಬೇಕು. ಕನೆಕ್ಟರ್ ಮತ್ತು ಚಾಸಿಗೆ ಉಪ್ಪುನೀರಿನ ತುಂತುರು ಪರೀಕ್ಷೆಯ ವರದಿ ಕೇಳುವುದು ಕರಾವಳಿಯವರಿಗೆ ಅತ್ಯವಶ್ಯ. ಮೀನಿನ ಉಪ್ಪುರಸ ಸೋರುವ ಕಸಕ್ಕೆ ಸಾಮಾನ್ಯ ಕಬ್ಬಿಣದ ತೊಟ್ಟಿ ಹೆಚ್ಚು ಕಾಲ ತಾಳದು. ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿ ಮತ್ತು ರಸ ಹಿಡಿದಿಡುವ ಕೆಳಪಾತ್ರೆ ಇರಲಿ, ಆ ರಸ ಬ್ಯಾಟರಿಯ ಮೇಲೆ ತೊಟ್ಟಿಕ್ಕದಂತಿರಲಿ.

ತಾಂತ್ರಿಕ ಮೌಲ್ಯಮಾಪನದ ಭಾಗವಾಗಿ ಸ್ಥಳದಲ್ಲೇ ಪ್ರಾತ್ಯಕ್ಷಿಕೆ ಇರಬೇಕೆಂಬ ಷರತ್ತನ್ನು ಮೊದಲೇ ಹಾಕಿ, ನೀವು ಅಳೆದ ಕಡಿದಾದ ಏರಿನ ಶೇಕಡಾವಾರನ್ನು ಅದರಲ್ಲಿ ನಮೂದಿಸಿ. ಗಾಡಿಗೆ ಪೂರ್ತಿ ಭಾರದಷ್ಟು ಮರಳಿನ ಚೀಲ ಹೇರಿ, ಏರಿನ ನಡುವೆ ನಿಲ್ಲಿಸಿ, ಬ್ರೇಕು ಬಿಟ್ಟು ಹೊರಡಿಸಿ. ಇದನ್ನು ಹತ್ತು ಸಲ ಮಾಡಿಸಿ. ಮೊದಲ ಸಲ ಎಲ್ಲವೂ ಹತ್ತುತ್ತವೆ, ಮೋಟಾರು ಕಾದ ಮೇಲೆ ಎಂಟನೆಯ ಸಲಕ್ಕೆ ನಿಜ ತಿಳಿಯುತ್ತದೆ. ಬ್ಯಾಟರಿ ಶೇಕಡಾ 20ಕ್ಕೆ ಇಳಿದಾಗ ಇನ್ನೊಮ್ಮೆ ನೋಡಿ.

ಸರ್ವೀಸಿನ ಷರತ್ತು ಇವೆಲ್ಲಕ್ಕಿಂತ ಮುಖ್ಯವೆಂದರೂ ತಪ್ಪಲ್ಲ. ಕಂಪನಿಯ ಸರ್ವೀಸ್ ಕೇಂದ್ರ ಹುಬ್ಬಳ್ಳಿಯಲ್ಲಿದ್ದರೆ ಅದು ಶಿರಸಿಗೆ ಸುಮಾರು 100 ಕಿಲೋಮೀಟರ್, ಕಾರವಾರಕ್ಕೆ 160ಕ್ಕೂ ಹೆಚ್ಚು, ನಡುವೆ ಅರಬೈಲು ಘಟ್ಟ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಅಂಥ ದಿನಗಳಲ್ಲಿ ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್ ಸುಟ್ಟ ಗಾಡಿಗೆ ತಂತ್ರಜ್ಞರು ಬರುವುದಾದರೂ ಹೇಗೆ? ಆದ್ದರಿಂದ ಜಿಲ್ಲೆಯೊಳಗೇ ತರಬೇತಾದ ಒಬ್ಬ ತಂತ್ರಜ್ಞ, ಮಳೆಗಾಲಕ್ಕೆ ಮೊದಲೇ ಸಂಸ್ಥೆಯ ಉಗ್ರಾಣದಲ್ಲಿ ಒಂದು ಕಂಟ್ರೋಲರ್, ಒಂದು ಚಾರ್ಜರ್ ಮತ್ತು ಎರಡು ಜೊತೆ ಕನೆಕ್ಟರ್, 48 ತಾಸಿನೊಳಗೆ ದುರಸ್ತಿ, ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ ಇವು ಒಪ್ಪಂದದಲ್ಲಿರಬೇಕು. ಅಕ್ಕಪಕ್ಕದ ಮೂರ್ನಾಲ್ಕು ಸಂಸ್ಥೆಗಳು ಒಂದೇ ಮಾದರಿಯ ಗಾಡಿ ಕೊಂಡರೆ ಇಂಥ ಷರತ್ತಿಗೆ ಕಂಪನಿಗಳು ಒಪ್ಪುವುದು ಸುಲಭವಾಗುತ್ತದೆ. ಒಂದೇ ಒಂದು ಗಾಡಿಗೆ ಯಾರೂ ತಂತ್ರಜ್ಞನನ್ನು ಇಡುವುದಿಲ್ಲ.

ಕೊಳ್ಳುವ ಬದಲು ಬಾಡಿಗೆಗೆ ಪಡೆಯುವ ದಾರಿಯೂ ಇದೆ. ಕೇಂದ್ರ ಸರ್ಕಾರದ ಅಧೀನದ ಕನ್ವರ್ಜೆನ್ಸ್ ಎನರ್ಜಿ ಸರ್ವೀಸಸ್ ಸಂಸ್ಥೆ ಸರ್ಕಾರಿ ಕಚೇರಿಗಳಿಗೆ ಎಲೆಕ್ಟ್ರಿಕ್ ವಾಹನಗಳನ್ನು ಬಾಡಿಗೆಗೆ ಕೊಡುವ ಕೆಲಸ ಮಾಡುತ್ತದೆ. ಅಧಿಕಾರಿಗಳ ಕಾರಿಗೆ ಈ ಮಾರ್ಗ ಹೆಚ್ಚು ಸರಳ.

ಏಳನೆಯದು: ನೋಂದಣಿ

ಇದು ಸುಲಭದ ಕೆಲಸ. ಬ್ಯಾಟರಿ ವಾಹನಗಳಿಗೆ ನೋಂದಣಿ ಶುಲ್ಕವಿಲ್ಲ. ಕಾರವಾರದ ಕೆಎ 30, ಶಿರಸಿಯ ಕೆಎ 31, ಹೊನ್ನಾವರದ ಕೆಎ 47, ದಾಂಡೇಲಿಯ ಕೆಎ 65 ಎಲ್ಲ ಕಡೆಯೂ ಫಲಕ ಹಸಿರು ಬಣ್ಣದ್ದೇ. ಸಾರಿಗೆ ವಾಹನವಾದರೆ ಅಕ್ಷರ ಹಳದಿ, ಇಲ್ಲವಾದರೆ ಬಿಳಿ. ಗಾಡಿಯನ್ನು ವಹಿಸಿಕೊಳ್ಳುವ ದಿನ ಬ್ಯಾಟರಿಯ ಕ್ರಮಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ಬರೆಸಿ, ವಿಮೆಯಲ್ಲಿ ನೆರೆಯ ಹಾನಿಗೆ ಬ್ಯಾಟರಿ ಒಳಪಡುತ್ತದೆಯೇ ಎಂದು ಓದಿ ನೋಡಿ.

ಎಂಟನೆಯದು: ಚಾಲಕರು

ಗ್ರಾಮ ಪಂಚಾಯಿತಿಗಳ ಕಸದ ಗಾಡಿಗಳಾದ ಸ್ವಚ್ಛ ವಾಹಿನಿಗಳನ್ನು ಸ್ವಸಹಾಯ ಸಂಘಗಳ ಮಹಿಳೆಯರು ಓಡಿಸುತ್ತಿರುವುದು ನಮ್ಮ ರಾಜ್ಯಕ್ಕೆ ಪರಿಚಿತ ದೃಶ್ಯ. ಕ್ಲಚ್ಚೂ ಗೇರೂ ಇಲ್ಲದ ಗಾಡಿ ಹೊಸದಾಗಿ ಕಲಿತವರಿಗೆ ಹಗುರವೆನಿಸುತ್ತದೆ. ಏರಿನಲ್ಲಿ ಹಿಂದೆ ಜಾರದಂತೆ ಹಿಡಿಯುವ ವ್ಯವಸ್ಥೆಯಿರುವ ಗಾಡಿಯನ್ನೇ ಕೊಡಬೇಕಷ್ಟೆ. ಚಾಲಕಿಯ ಮನೆ ಕಚೇರಿಯಿಂದ ದೂರವಿದ್ದರೆ ಗಾಡಿಯನ್ನು ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಮನೆಯ ಬಿಲ್ಲು ಏರುತ್ತದೆ, ಮನೆಯ ವೈರಿಂಗ್ ಅಷ್ಟು ಹೊರೆ ತಾಳದಿರಬಹುದು. ಹಾಗೆ ಮಾಡಲೇಬೇಕಾದರೆ ಪಂಚಾಯಿತಿಯ ಖರ್ಚಿನಲ್ಲಿ ಸಾಕೆಟ್ಟು, ಆರ್‌ಸಿಸಿಬಿ ಮತ್ತು ಒಂದು ಚಿಕ್ಕ ಉಪಮೀಟರ್ ಹಾಕಿಸಿ, ತಿಂಗಳಿಗೊಮ್ಮೆ ಯುನಿಟ್ ನೋಡಿ ಹಣ ಕೊಡುವ ಠರಾವು ಮಾಡಿ.

ತರಬೇತಿ ಒಂದು ದಿನಕ್ಕೆ ಮುಗಿಯಬಾರದು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು, ಎಕ್ಸ್‌ಟೆನ್ಶನ್ ವೈರಿನಲ್ಲಿ ಚಾರ್ಜ್ ಮಾಡಬಾರದು ಎಂಬುದನ್ನು ಕನ್ನಡದಲ್ಲಿ ಬರೆದು ಶೆಡ್ಡಿನ ಗೋಡೆಗೆ ಹಾಕಿಸಿ. ಕಸದ ಗಾಡಿಯ ಧ್ವನಿವರ್ಧಕ ಕಿರಿಕಿರಿ ಎಂದು ದೂರುವವರಿದ್ದಾರೆ. ಎಂಜಿನ್ನಿನ ಗುಡುಗುಡು ಇಲ್ಲದ ಗಾಡಿ ಬಂದದ್ದೇ ಮನೆಯೊಳಗಿನವರಿಗೆ ತಿಳಿಯುವುದಿಲ್ಲ, ಅಡ್ಡರಸ್ತೆಯಲ್ಲಿ ಆಡುವ ಮಕ್ಕಳಿಗೂ ತಿಳಿಯುವುದಿಲ್ಲವಾದ್ದರಿಂದ ಹಾಡು ಇರಲೇಬೇಕು, ದನಿಯನ್ನು ತಗ್ಗಿಸಬಹುದು.

ಒಂಬತ್ತನೆಯದು: ಮಳೆಗಾಲದ ಏರ್ಪಾಡು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟು ಬಾರದಿರುವುದು ನಮಗೆ ಸುದ್ದಿಯೇ ಅಲ್ಲ. ಆದ್ದರಿಂದ ಮೊದಲ ಮೂರು ವರ್ಷ ಒಟ್ಟು ಗಾಡಿಗಳಲ್ಲಿ ಮೂರನೇ ಒಂದು ಭಾಗ ಡೀಸೆಲ್ಲಿನವೇ ಉಳಿದಿರಲಿ. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಟ್ಟ ದಿನ ಮಧ್ಯಾಹ್ನವೇ ಎಲ್ಲ ಗಾಡಿಗಳನ್ನು ಪೂರ್ತಿ ಚಾರ್ಜ್ ಮಾಡಿಸಿಡುವ ಹೊಣೆಯನ್ನು ಒಬ್ಬರ ಹೆಸರಿಗೆ ವಹಿಸಿ. ಶೆಡ್ಡಿನ ಮೇಲೆ ಸೌರಫಲಕ ಹಾಕುವುದು ಒಳ್ಳೆಯದೇ, ಕಸದ ಗಾಡಿಗಳು ಮಧ್ಯಾಹ್ನ ಮರಳುವುದರಿಂದ ಎರಡಕ್ಕೂ ಹೊಂದುತ್ತದೆ. ಆದರೆ ಆಷಾಢದ ಮೋಡದಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ.

ಮಳೆಯಲ್ಲಿ ನೆನೆದ ಕಸದ ತೂಕ ಬಹಳ ಏರುತ್ತದೆ ಎಂಬುದನ್ನೂ ಮರೆಯಬಾರದು. ಬೇಸಿಗೆಯಲ್ಲಿ ತೊಟ್ಟಿ ತುಂಬುವವರೆಗೆ ತುಂಬಿಸಿದಂತೆ ಜುಲೈಯಲ್ಲಿ ತುಂಬಿಸಿದರೆ ಗಾಡಿ ಮಿತಿ ಮೀರಿ ಭಾರ ಹೊರುತ್ತದೆ. ತೊಟ್ಟಿಯ ಒಳಗೋಡೆಗೆ ಮಳೆಗಾಲದ ಮಟ್ಟವೆಂದು ಕೆಂಪು ಗೆರೆ ಹೊಡೆಸಿದರೆ ಸಾಕು.

ಗಾಡಿ ನೆರೆಯಲ್ಲಿ ನಿಂತಿದ್ದರೆ, ನೀರು ಇಳಿದ ಮೇಲೆ ಓಡುತ್ತಿದ್ದರೂ, ಚಾರ್ಜಿಗೆ ಹಚ್ಚಬಾರದು. ಬಯಲಿನಲ್ಲಿ, ಕಟ್ಟಡದಿಂದ ಮತ್ತು ಇತರ ಗಾಡಿಗಳಿಂದ ದೂರ ನಿಲ್ಲಿಸಿ, ತಂತ್ರಜ್ಞರು ಬ್ಯಾಟರಿಯನ್ನು ಪರೀಕ್ಷಿಸಿ ಬರೆದುಕೊಟ್ಟ ಮೇಲಷ್ಟೇ ಒಳಗೆ ತರಬೇಕು. ಒಳಗೆ ಸೇರಿದ ಉಪ್ಪುನೀರು ದಿನಗಳ ನಂತರವೂ ಬೆಂಕಿಗೆ ಕಾರಣವಾಗಬಲ್ಲದು.

ಹತ್ತನೆಯದು: ದಾಖಲೆ ಮತ್ತು ಹಳೆಯ ಬ್ಯಾಟರಿ

ಲಾಗ್‌ಬುಕ್ಕಿನಲ್ಲಿ ಡೀಸೆಲ್ ಕಾಲಂ ಇದ್ದ ಕಡೆ ಹೊರಡುವಾಗಿನ ಮತ್ತು ಮರಳಿದಾಗಿನ ಚಾರ್ಜ್ ಶೇಕಡಾ, ಓಡಿದ ಕಿಲೋಮೀಟರ್ ಇವನ್ನು ಬರೆಸಿ. ತಿಂಗಳ ಕೊನೆಗೆ ಮೀಟರಿನ ಯುನಿಟ್ಟುಗಳನ್ನು ಕಿಲೋಮೀಟರಿನಿಂದ ಭಾಗಿಸಿ ಗಾಡಿಗಳ ಸರಾಸರಿ ತೆಗೆಯಿರಿ. ಆ ಅಂಕಿ ಮಳೆಗಾಲದಲ್ಲಿ ಏರಿ ನಂತರ ಇಳಿದರೆ ಸಹಜ. ನವೆಂಬರಿನಲ್ಲೂ ಏರುತ್ತಲೇ ಹೋದರೆ ಬ್ರೇಕು ಉಜ್ಜುತ್ತಿರಬಹುದು, ಬೇರಿಂಗ್ ತುಕ್ಕು ಹಿಡಿದಿರಬಹುದು. ಯುನಿಟ್ಟಿನ ಲೆಕ್ಕ ಸರಿಯಿದ್ದೂ ಪೂರ್ತಿ ಚಾರ್ಜಿಗೆ ಓಡುವ ದೂರ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ದೋಷ ಬ್ಯಾಟರಿಯದ್ದು, ಅದನ್ನು ವಾರಂಟಿಯ ಅವಧಿಯೊಳಗೇ ಪತ್ರದಲ್ಲಿ ದಾಖಲಿಸಬೇಕು. ಎರಡನೆಯ ಕಂತಿನ ಗಾಡಿಗಳ ಇಂಡೆಂಟನ್ನು ಇಂಥ ಒಂದು ಪೂರ್ತಿ ವರ್ಷದ ಅಂಕಿಗಳಿಲ್ಲದೆ ಸಭೆಯ ಮುಂದೆ ಇಡಬೇಡಿ.

ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿ ಮುಗಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ಹೊಣೆ ಉತ್ಪಾದಕರದ್ದು. ಅದನ್ನು ಯಾವ ಸ್ಥಳದಿಂದ, ಯಾರ ಸಾಗಣೆ ವೆಚ್ಚದಲ್ಲಿ ಒಯ್ಯುತ್ತಾರೆ ಎಂಬುದನ್ನು ಖರೀದಿ ಒಪ್ಪಂದದಲ್ಲೇ ಬರೆಸಿಕೊಳ್ಳಿ, ಏಕೆಂದರೆ ಕಾರವಾರದ ಶೆಡ್ಡಿನಿಂದ ಬ್ಯಾಟರಿಯನ್ನು ಘಟ್ಟ ಹತ್ತಿಸುವ ಬಾಡಿಗೆ ಯಾರದ್ದೆಂಬ ಪತ್ರ ವ್ಯವಹಾರವೇ ವರ್ಷಗಟ್ಟಲೆ ನಡೆದೀತು. ಒಯ್ಯುವವರೆಗೆ ಅದನ್ನು ನೆಲದಿಂದ ಎತ್ತರಿಸಿದ ಕಟ್ಟೆಯ ಮೇಲೆ, ತುದಿಗಳಿಗೆ ಟೇಪು ಸುತ್ತಿ, ಮಳೆ ತಾಗದಂತೆ, ಒಣ ಕಸದ ಗೋದಾಮಿನಿಂದ ದೂರದ ಪ್ರತ್ಯೇಕ ಕೋಣೆಯಲ್ಲಿಡಿ, ಕೋಣೆಯ ಕೀಲಿಕೈ ಉಗ್ರಾಣಪಾಲಕರ ಬಳಿ ಇರಲಿ.